ಕೇಳಿದ ಮಾತು, ತಿಳಿದ ಮಾತು

ನಮ್ಮ ಬೆಳಕೆಯ ಹತ್ತಿರ ಹಾಯುವ ಕೊಂಕಣ ರೈಲು ಹೊನ್ನಾವರದಲ್ಲಿ ಶರಾವತಿಯನ್ನು 2 ಕಿಲೋಮೀಟರಿಗೂ ಮಿಕ್ಕಿದ ಸೇತುವೆಯ ಮೇಲೆ ದಾಟುತ್ತದೆ. 1998ರಲ್ಲಿ ಮುಗಿದ ಆ ಮಾರ್ಗದ ನಿರ್ಮಾಣದಲ್ಲಿ ಮಡಿದ ಕೆಲಸಗಾರರಿಗೆ ರತ್ನಾಗಿರಿಯಲ್ಲಿ ಸ್ಮಾರಕವಿದೆ.

ಅಂಥ ಸ್ಮಾರಕಗಳು ಬೇಡವಾಗಬೇಕಾದರೆ ಕೆಲಸಕ್ಕೆ ಇಳಿಯುವ ಮೊದಲೇ ಎಚ್ಚರಿಕೆ ತಲುಪಬೇಕು. ಗುತ್ತಿಗೆದಾರನಿಂದ ಉಪಗುತ್ತಿಗೆದಾರನಿಗೆ, ಅವನಿಂದ ಮೇಸ್ತ್ರಿಗೆ ಇಳಿಯುತ್ತ ಆ ಮಾತು ಸವೆದುಹೋಗುತ್ತದೆ. ದೂರದಿಂದ ಬಂದ ಕೂಲಿಯ ಪಾಲಿಗೆ ಉಳಿಯುವುದು ಹೆಬ್ಬೆಟ್ಟೊತ್ತುವ ಕಾಗದ.

ತಲೆದೂಗಿದವರೆಲ್ಲ ತಿಳಿದವರಲ್ಲವೆಂಬುದನ್ನು ಪಾಠ ಹೇಳುತ್ತ ನಾನು ಕಲಿತೆ. ಆದುದರಿಂದ ಹೊಸಬನಿಗೆ ಕುಸಿಯುವ ಮಣ್ಣಿನ ಅಂಚನ್ನು, ಕ್ರೇನು ತಿರುಗುವ ಮೇರೆಯನ್ನು, ಬೆಲ್ಟಿನ ಕೊಂಡಿ ಸಿಕ್ಕಿಸುವ ಸ್ಥಳವನ್ನು ಅವನ ನುಡಿಯಲ್ಲೇ ತೋರಿಸಬೇಕು. ಅವನಿಂದ ಮರಳಿ ಹೇಳಿಸಬೇಕು. ‘ತಿಳಿಯಲಿಲ್ಲ’ ಎಂದವನಿಗೆ ಅಂದಿನ ಕೂಲಿ ತಪ್ಪಬಾರದು. ಆ ಭಯವಿದ್ದಲ್ಲಿ ಯಾರೂ ಹಾಗೆನ್ನಲಾರರು.