ಜಗಲಿಯ ಮೇಲಿನ ಓಲೆಗಂಟು: ಪೂಜೆಯೊಂದಿಗೆ ಪೋಷಣೆಯೂ ಬೇಕು

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕೆಲವು ಹಳೆಯ ಮನೆತನಗಳಲ್ಲಿ ದೇವರ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗಂಟನ್ನು ಇಂದಿಗೂ ಕಾಣುತ್ತೇವೆ. ಅದರ ಪಕ್ಕದಲ್ಲಿ ಅಜ್ಜನ ಕಾಲದ ಮುದ್ರಿತ ಪುರಾಣಗಳೂ ಇರುತ್ತವೆ. ನಿತ್ಯವೂ ಪತ್ರೆ-ಪುಷ್ಪ ಸಲ್ಲುತ್ತದೆ. ಬಿಚ್ಚಿ ನೋಡುವವರು ಮಾತ್ರ ವಿರಳ. ಅರಿವನ್ನೇ ಗುರುವೆಂದು ಭಾವಿಸುವ ಶರಣಪರಂಪರೆಯಲ್ಲಿ ಗ್ರಂಥಕ್ಕೆ ಸಲ್ಲಬೇಕಾದ ಮೊದಲ ಸೇವೆ ಅದನ್ನು ಉಳಿಸುವುದೇ ಆಗಿದೆ.

ಈ ಮಾತು ಈ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಚಾಮರಾಜನಗರದ ಬಳಿಯ ಹರದನಹಳ್ಳಿಯ ಗೋಸಲ ಚನ್ನಬಸವೇಶ್ವರರ ಶಿಷ್ಯರೇ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗೇಶ್ವರರು. ಅವರು ರಚಿಸಿದ 'ಷಟ್‌ಸ್ಥಲ ಜ್ಞಾನಸಾರಾಮೃತ'ವೂ ಅವರ ಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರು ಸಂಕಲಿಸಿದ 'ಶೂನ್ಯಸಂಪಾದನೆ'ಯೂ ಓಲೆಗರಿಗಳ ಮೂಲಕವೇ ನಮಗೆ ದೊರೆತವು. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಲು ಸಾಧ್ಯವಾದುದು ಮಠಗಳೂ ಗೃಹಸ್ಥರೂ ತಲೆಮಾರುಗಳಿಂದ ಇಂತಹ ಕಟ್ಟುಗಳನ್ನು ಕಾಯ್ದುಕೊಂಡು ಬಂದುದರಿಂದ.

ಆದರೆ ಭಕ್ತಿಯೇ ಎಷ್ಟೋ ವೇಳೆ ಗ್ರಂಥಕ್ಕೆ ಅಪಾಯವಾಗುತ್ತದೆ. ದೀಪದ ಹೊಗೆ, ಎಣ್ಣೆಯ ಜಿಡ್ಡು, ಅಭಿಷೇಕದ ನೀರು ಗರಿಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ವಿಭೂತಿ-ಕುಂಕುಮಗಳನ್ನು ಹೊದಿಕೆಯ ಮೇಲೂ ಹಚ್ಚದೆ ಗಂಟಿನ ಮುಂದೆ ಇರಿಸಿದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಜೀರ್ಣವಾಯಿತೆಂದು ಹೊಳೆಗೆ ಬಿಡುವ ರೂಢಿಯಂತೂ ನಿಲ್ಲಲೇಬೇಕು. ಕಂಠದಿಂದ ಕೊರೆದ ಬರಹದಲ್ಲಿ ಮಸಿ ಮಾಸಿದರೂ ಗೆರೆ ಉಳಿದಿರುತ್ತದೆ. ತಜ್ಞರು ಅದನ್ನು ಮತ್ತೆ ಓದುವಂತೆ ಮಾಡಬಲ್ಲರು.

ವರ್ಷಕ್ಕೊಮ್ಮೆ ಗಂಟನ್ನು ಬಿಚ್ಚಬೇಕು. ಮಹಾನವಮಿಯ ಹೊತ್ತಿಗೆ ಇಲ್ಲಿ ಹಿಂಗಾರಿನ ತೇವವಿರುತ್ತದೆ. ಶಿವರಾತ್ರಿಯ ಆಸುಪಾಸಿನ ಒಣಹವೆಯೇ ಲೇಸು. ಬಿಸಿಲಿಗೆ ಹರಡದೆ ನೆರಳಿನಲ್ಲಿ ಗಾಳಿಯಾಡಿಸಿ, ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬಾರದು. ಗರಿಗಳ ಅನುಕ್ರಮ ಕೆಡದಂತೆ ಎಚ್ಚರ ವಹಿಸಬೇಕು. ಕೊರೆದ ಓಲೆಗೆ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವ ಪದ್ಧತಿಯಿದೆ. ಅದನ್ನು ಬಲ್ಲವರ ಕೈಯಲ್ಲಿ ಮಾಡಿಸುವುದು ಕ್ಷೇಮ. ಕಾಗದಕ್ಕೆ ಎಣ್ಣೆ ಸೋಕಿಸಲೇಬಾರದು. ಅನಂತರ ಹಲಗೆಗಳ ನಡುವೆ ಇರಿಸಿ, ದಾರವನ್ನು ಹದವಾಗಿ ಕಟ್ಟಿ, ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಬೇಕು. ಬಜೆಯ ಬೇರನ್ನು ಪ್ರತ್ಯೇಕ ಗಂಟಿನಲ್ಲಿ ಪಕ್ಕಕ್ಕಿಟ್ಟರೆ ಹುಳು ದೂರವಿರುತ್ತದೆ. ಗೆದ್ದಲು ಹತ್ತದಂತೆ ಪೆಟ್ಟಿಗೆ ಗೋಡೆಗೂ ನೆಲಕ್ಕೂ ತಾಗದಿರಲಿ.

ಮುದ್ರಿತ ಗ್ರಂಥಗಳ ಕಷ್ಟ ಬೇರೆಯದು. ಮರದ ತಿರುಳಿನಿಂದ ಮಾಡಿದ ಹಳೆಯ ಕಾಗದದಲ್ಲಿ ಆಮ್ಲವಿರುವುದರಿಂದ ಅದು ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಹರಿದಲ್ಲಿ ಅಂಟುಪಟ್ಟಿ ಹಚ್ಚಿದರೆ ಅದರ ಅಂಟು ಕಾಲಕ್ರಮದಲ್ಲಿ ಕಾಗದವನ್ನೇ ಕಲೆಮಾಡುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಬಿಡಿಸುವುದೇ ದುಸ್ತರ. ಸಡಿಲ ಹಾಳೆಗಳನ್ನು ಬಟ್ಟೆಯ ಪಟ್ಟಿಯಿಂದ ಕಟ್ಟಿ, ಪೆಟ್ಟಿಗೆಯಲ್ಲಿ ಅಡ್ಡಲಾಗಿ ಮಲಗಿಸಿಡುವುದೇ ಸರಿ.

ಮನೆಯ ಮಕ್ಕಳಿಗೂ ಇಲ್ಲಿ ಪಾತ್ರವಿದೆ. ಹಗಲ ಬೆಳಕಿನಲ್ಲಿ, ಫ್ಲ್ಯಾಶ್ ಬಳಸದೆ, ಪ್ರತಿ ಗರಿಯ ಎರಡೂ ಮಗ್ಗುಲನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಲಿ. ಯಾರ ಮನೆತನದ ಪ್ರತಿ, ಯಾವ ಹಿರಿಯರಿಂದ ಬಂದುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ.

ಮನೆಯಲ್ಲಿ ಕಾಪಾಡಲಾಗದವರು ಸಂಕೋಚಪಡಬೇಕಿಲ್ಲ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ಹತ್ತಿರದಲ್ಲಿಯೇ ಇದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಓಲೆಪ್ರತಿಯಿಂದಲೇ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರು. ಆ ಪಂಡಿತರು ಗಂಟನ್ನು ಹೊಳೆಗೆ ಬಿಟ್ಟಿದ್ದರೆ ಲೋಕ ಏನನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು. ನಮ್ಮ ಜಗಲಿಯ ಗಂಟಿನಲ್ಲಿ ಏನಿದೆಯೆಂಬುದು ಬಿಚ್ಚಿದ ಹೊರತು ತಿಳಿಯದು. ಬರುವ ಶಿವರಾತ್ರಿಗೆ ಮನೆಮಂದಿಯೆಲ್ಲ ಕುಳಿತು ಅದನ್ನು ಬಿಚ್ಚಲಿ ಎಂದು ಆಶಿಸುತ್ತೇವೆ.