ಟ್ರ್ಯಾಕ್ಟರ್ ಹೊಗೆ ಮ್ಯಾಲ ಬಿಡೂದೋ, ಕೆಳಗ ಬಿಡೂದೋ?

ಬೆಂಗಳೂರಲ್ಲೋ ಪುಣೆಯಲ್ಲೋ ಹೈದರಾಬಾದಲ್ಲೋ ಕೂತು ಲ್ಯಾಪ್‌ಟಾಪ್ ಕುಟ್ಟುವ ನಮ್ಮಲ್ಲಿ ಬಹಳ ಜನರ ಊರಮನೆಯಲ್ಲಿ ಒಂದು ಹಳೇ ಟ್ರ್ಯಾಕ್ಟರ್ ಇದ್ದೇ ಇರುತ್ತೆ. ಮಾರಿದರೆ ಗುಜರಿ ರೇಟು, ಇಟ್ಟುಕೊಂಡರೆ ಇನ್ನೂ ಹತ್ತು ವರ್ಷ ದುಡಿಯುತ್ತೆ. ಅದರ ಸೈಲೆನ್ಸರ್ ತುಕ್ಕು ತಿಂದು ಉದುರಿದ ದಿನ ಒಂದು ಪ್ರಶ್ನೆ ಏಳುತ್ತೆ: ಹೊಸ ಪೈಪನ್ನು ಬಾನೆಟ್ ಪಕ್ಕ ಮೇಲಕ್ಕೆ ನಿಲ್ಲಿಸಬೇಕೋ, ಹೊಟ್ಟೆಯಡಿ ಹಿಂದಕ್ಕೆ ಮಲಗಿಸಬೇಕೋ? ಮೆಕ್ಯಾನಿಕ್ ಅಂಗಡಿಯಲ್ಲಿ ಯಾವುದು ಸಿಕ್ಕಿತೋ ಅದನ್ನೇ ಹಾಕಿ ಕಳಿಸ್ತಾರೆ. ಆದರೆ ಆ ಹೊಗೆ ಮುಂದಿನ ಹತ್ತು ವರ್ಷ ಯಾರ ಮೂಗಿಗೆ ಹೋಗಬೇಕು ಅನ್ನೋದು ಅಲ್ಲೇ ತೀರ್ಮಾನ ಆಗಿಬಿಡುತ್ತೆ.

ನಮ್ಮೂರು ಜೇವರ್ಗಿ ತಾಲೂಕಿನ ಅಂದೋಲಾ. ಎರೆ ಭೂಮಿ, ತೊಗರಿ, ಬಿಳಿಜೋಳ, ಹತ್ತಿ. ನಮ್ಮ ಕಾಕಾನ ಹತ್ರ ಇರೋದು ಮ್ಯಾಸಿ ಫರ್ಗ್ಯುಸನ್ 1035, ವಯಸ್ಸಲ್ಲಿ ನನಗಿಂತ ಹಿರಿಯದು. ಹೋದ ತಿಂಗಳು ಫೋನ್ ಮಾಡಿ, "ತಮ್ಮಾ, ನೀ ಇಂಜಿನಿಯರ್ ಅದಿ, ಹೇಳು. ಸೈಲೆನ್ಸರ್ ಮ್ಯಾಲ ಮಾಡೂದೋ, ಕೆಳಗ ಬಿಡೂದೋ?" ಅಂದ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಊರಲ್ಲಿ ಆ ವ್ಯತ್ಯಾಸ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಆದರೂ ನಮ್ಮ ಕೆಲಸದಲ್ಲಿ ಮೊದಲು ಕೇಳುವ ಪ್ರಶ್ನೆ ಇಲ್ಲೂ ಕೆಲಸಕ್ಕೆ ಬಂತು: ಇದರ ಯೂಸರ್ ಯಾರು?

ಈ ಮ್ಯಾಸಿಯ ವಂಶ ನೋಡಿದರೆ ಅದರ ಅಜ್ಜ ಬ್ರಿಟನ್ನಿನ ಫರ್ಗ್ಯುಸನ್ ಟಿಇ20. 1946ರಿಂದ 1956ರವರೆಗೆ ತಯಾರಾದ ಆ ಪುಟ್ಟ ಬೂದು ಟ್ರ್ಯಾಕ್ಟರಿಗೆ ಹೊಗೆ ಕೊಳವೆ ಸಾಮಾನ್ಯವಾಗಿ ಕೆಳಗೇ ಇರುತ್ತಿತ್ತು. ಬೇಕಾದವರು ಮೇಲಿನದನ್ನು ಹಾಕಿಸಿಕೊಳ್ಳಬಹುದಿತ್ತು. ಅದೇ ಕಾಲದ ಅಮೆರಿಕದ ಫೋರ್ಡ್ 8ಎನ್ ಕಥೆಯೂ ಹೆಚ್ಚುಕಡಿಮೆ ಇದೇ. ಟಿಇ20 ಆದಮೇಲೆ ಫರ್ಗ್ಯುಸನ್ 35 ಬಂತು. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಕಂಪನಿಯ ಮೂಲಕ ಆ ಸಂತಾನ ನಮ್ಮ ಹೊಲಗಳಿಗೂ ಇಳಿಯಿತು. ಅಂದರೆ ಮೇಲೆ–ಕೆಳಗೆ ಅನ್ನೋ ಈ ಜಗಳ ನಮ್ಮೂರಲ್ಲಿ ಹುಟ್ಟಿದ್ದಲ್ಲ.

ಕೆಳಗಿನ ಪೈಪಿನ ಸುಖ ಪೂರ್ತಿ ಡ್ರೈವರಿಗೆ. ಮುಂದೆ ನೋಡೋಕೆ ಅಡ್ಡ ಇಲ್ಲ, ಸಾಲು ನೇರ ಹಿಡೀಬಹುದು. ನಿಂಬೆ ತೋಟದೊಳಗೆ ಟೊಂಗೆ ತಗಲಲ್ಲ, ತಗಡಿನ ಶೆಡ್ಡಿಗೆ ತಲೆ ಬಗ್ಗಿಸದೇ ಹೋಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಸದ್ದು ಕಿವಿಯಿಂದ ದೂರ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬೆಲ್ ಸದ್ದಲ್ಲಿ 8 ಗಂಟೆಗಿಂತ ಹೆಚ್ಚು ಇರಬಾರದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತೆ. ಕ್ಯಾಬಿನ್ ಇಲ್ಲದ ಹಳೇ ಟ್ರ್ಯಾಕ್ಟರ್ ಭಾರ ಎಳೆಯುವಾಗ 90 ದಾಟುವುದು ಮಾಮೂಲಿ. 91ಕ್ಕೆ ಲೆಕ್ಕ ಹಾಕಿ: ಬರೀ 2 ಗಂಟೆ. ನಮ್ಮವರು ದಿನಪೂರ್ತಿ ಕೂತಿರ್ತಾರೆ. ಕಾಕಾನ ಫೋನಲ್ಲಿ ನಾವು ಒದರಿ ಮಾತಾಡಬೇಕಾಗೋದು ನೆಟ್‌ವರ್ಕ್ ಸಮಸ್ಯೆಯಿಂದಲ್ಲ.

ಹಾಗಾಗಿ ಕಾಕಾನ ಮನಸ್ಸು ಕೆಳಗಿನ ಪೈಪಿನ ಕಡೆಗಿತ್ತು. ಸಹಜ, ಸ್ಟೇರಿಂಗ್ ಹಿಡಿಯೋನು ಅವನೇ.

ಈಗ ರಾಶಿ ದಿನಗಳನ್ನು ನೆನಪಿಸಿಕೊಳ್ಳಿ. ಡಿಸೆಂಬರ್, ಜನವರಿಗೆ ತೊಗರಿ, ಆಮೇಲೆ ಜೋಳ. ಟ್ರ್ಯಾಕ್ಟರ್ ಒಂದೇ ಕಡೆ ನಿಂತು ಗಂಟೆಗಟ್ಟಲೆ ಓಡುತ್ತೆ. ಹಿಂದೆ ಪಿಟಿಒಗೆ ರಾಶಿ ಮಷೀನ್ ಜೋಡಿಸಿರ್ತಾರೆ. ಅದರ ಸುತ್ತ ಸೂಡು ಕೊಡೋರು, ಹೊಟ್ಟು ಸರಿಸೋರು, ಚೀಲ ಹಿಡಿಯೋರು. ಹೆಚ್ಚಿನವರು ಹೆಣ್ಣುಮಕ್ಕಳು, ಮುಖಕ್ಕೆ ಸೆರಗು ಸುತ್ತಿಕೊಂಡವರು. ಕೆಳಗಿನ ಪೈಪಿನ ಬಾಯಿ ನೇರ ಅವರ ಕಡೆಗೇ ಇರುತ್ತೆ. ಹೊಗೆ ಜೊತೆಗೆ ನೆಲದ ಧೂಳನ್ನೂ ಎಬ್ಬಿಸುತ್ತೆ. ಬಿತ್ತನೆಯಲ್ಲೂ ಅಷ್ಟೇ, ಕೂರಿಗೆ ಹಿಂದೆ ಕೂತು ಬೀಜ ಬಿಡೋರು ಇದ್ದರೆ ಅವರ ಉಸಿರು ಆ ಪೈಪಿನ ಮಟ್ಟಕ್ಕೆ ಹತ್ತಿರ.

ಡೀಸೆಲ್ ಹೊಗೆ ಬರೀ ಕಣ್ಣು ಉರಿಸುವ ಹೊಗೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಅದನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿದೆ. ತಂಬಾಕು ಇರೋದೂ ಅದೇ ಸಾಲಲ್ಲಿ. ಡ್ರೈವರಿಗೆ ಸದ್ದಿನ ಸಮಸ್ಯೆ ಇದ್ದರೆ ಕಿವಿಗೆ ಹಾಕಿಕೊಳ್ಳೋ ಮಫ್ ಸಿಗುತ್ತೆ. ದಿನಗೂಲಿಗೆ ಬಂದವರು "ಅಣ್ಣಾರ, ಪೈಪ್ ಆಕಡಿ ತಿರಗಸ್ರಿ" ಅಂತ ಕೇಳೋದು ಅಷ್ಟು ಸುಲಭ ಅಲ್ಲ. ನಾನು ಮೇಲಿನ ಪೈಪಿಗೆ ವೋಟು ಹಾಕಿದ್ದು ಈ ಕಾರಣಕ್ಕೆ. ತಲೆಯ ಮೇಲಿಂದ ಹೋದ ಹೊಗೆ ಮಾಯ ಆಗಲ್ಲ, ಆದರೆ ಗಾಳಿಗೆ ಚದುರಿ ತೆಳ್ಳಗಾಗುತ್ತೆ.

ಬೆಂಕಿಯ ಲೆಕ್ಕ ಮಾತ್ರ ಇಷ್ಟು ಸರಳ ಇಲ್ಲ. ಪೈಪಿನೊಳಗೆ ಕಟ್ಟಿದ ಮಸಿ ಕೆಂಪಗೆ ಕಾದು, ಲೋಡ್ ಬಿದ್ದಾಗ ಕಿಡಿಯಾಗಿ ಹಾರುತ್ತೆ. ಕೆಳಗಿನ ಪೈಪಾದರೆ ಒಣ ಕೂಳೆ, ಹೊಟ್ಟು, ರವದಿಯ ಮೇಲೆ. ಬಿಸಿ ಸೈಲೆನ್ಸರಿಗೆ ಒಣಹುಲ್ಲು ತಗುಲಿದರೂ ಸಾಕು. ಹಳೇ ಫೋರ್ಡ್‌ಗಳಿಗೆ ಅಮೆರಿಕದ ರೈತರು ಮೇಲಿನ ಪೈಪು ಕಟ್ಟಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ಹಾಗಂತ ಮೇಲಿನದು ಪೂರ್ತಿ ಸುರಕ್ಷಿತ ಅನ್ನೋಹಾಗಿಲ್ಲ. ಕಣಿಕೆ ತುಂಬಿದ ಟ್ರಾಲಿ ಎಳೀವಾಗ ಲೋಡು ಪೈಪಿಗಿಂತ ಎತ್ತರ ಇರುತ್ತೆ. ಹಾರಿದ ಕಿಡಿ ಹಿಂದೆ ಹೋಗಿ ಬೀಳೋದು ಅದರ ಮೇಲೇ. ಒಂದು ಬಣವೆ ಹೋದರೆ ದನಗಳಿಗೆ ವರ್ಷದ ಮೇವು ಹೋದಂಗೆ. ಅದಕ್ಕೇ ಕಿಡಿ ತಡೆಯೋ ಜಾಳಿಗೆ ಇರುವ ಸೈಲೆನ್ಸರ್ ಕೇಳಿ ಹಾಕಿಸಬೇಕು, ಲೋಡಿನ ಮುಂಭಾಗಕ್ಕೆ ತಾಡಪತ್ರಿ ಕಟ್ಟಬೇಕು. ರಾಶಿ ಮಾಡುವಾಗ ಗಾಳಿ ಬಣವೆಯಿಂದ ಟ್ರ್ಯಾಕ್ಟರ್ ಕಡೆಗೆ ಬೀಸೋ ಹಂಗ ನಿಲ್ಲಿಸಬೇಕು.

ಎರೆ ಮಣ್ಣೂ ಮೇಲಿನ ಪೈಪಿನ ಪರವಾಗಿದೆ. ಮಳೆ ಬಿದ್ದ ಮೇಲೆ ಅದು ಹೆಂಗೆ ಅಂಟುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕೆಳಗಿನ ಸೈಲೆನ್ಸರಿಗೆ ಮೆತ್ತಿದ ಮಣ್ಣು ತೇವ ಹಿಡಿದಿಟ್ಟು ತಗಡನ್ನು ತಿನ್ನುತ್ತೆ. ಕೊಯ್ದ ತೊಗರಿಯ ಮೊನಚು ಕೂಳೆ ತಗುಲಿ ಹಿಡಿಕೆ ಕಿತ್ತು ಹೋಗೋದೂ ಉಂಟು. ಹಳ್ಳ ದಾಟುವಾಗ ಪೈಪಿನ ಬಾಯಿ ನೀರಿಗೆ ಹತ್ತಿರ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಜೇವರ್ಗಿ, ಅಫಜಲಪುರದ ಹೊಲಗಳಿಗೆ ನುಗ್ಗಿದ್ದು ಮರೆತಿಲ್ಲವಲ್ಲ. ಅಂಥ ಹೊಳೆಯಲ್ಲಿ ಯಾವ ಪೈಪಿದ್ದರೂ ಟ್ರ್ಯಾಕ್ಟರ್ ಇಳಿಸಬಾರದು ಅನ್ನೋದು ಬೇರೆ ಮಾತು.

ಮೇಲಿನ ಪೈಪಿಗೆ ದೊಡ್ಡ ಶತ್ರು ಮಳೆ. ಬಾಯಿ ತೆರೆದು ನಿಲ್ಲಿಸಿದರೆ ನೀರು ಪೈಪಿಂದ ಮ್ಯಾನಿಫೋಲ್ಡಿಗೆ, ತೆರೆದ ವಾಲ್ವ್ ಸಿಕ್ಕರೆ ಅಲ್ಲಿಂದ ಸಿಲಿಂಡರಿಗೆ ಇಳಿಯುತ್ತೆ. ರಿಂಗ್ ತುಕ್ಕು ಹಿಡಿದು ಎಂಜಿನ್ ಜಾಮ್ ಆಗಬಹುದು. ನೀರು ತುಂಬಿದ್ದು ಗೊತ್ತಿಲ್ಲದೆ ಸೆಲ್ಫ್ ಹೊಡೆದರೆ ಇನ್ನೂ ಕೆಟ್ಟದ್ದು: ನೀರು ಒತ್ತಿದರೆ ಕುಗ್ಗಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತೆ. ಇಷ್ಟಕ್ಕೆಲ್ಲ ಪರಿಹಾರ ಹೊಗೆ ಒತ್ತಡಕ್ಕೆ ತಾನೇ ತೆರೆದು, ನಿಂತಾಗ ಮುಚ್ಚಿಕೊಳ್ಳುವ ಒಂದು ಸಣ್ಣ ಮುಚ್ಚಳ. ಅದೂ ಇಲ್ಲದಿದ್ದರೆ ಒಂದು ಖಾಲಿ ಡಬ್ಬಿ ಬೋರಲು ಹಾಕಿ. ಮುಚ್ಚಳದ ಬಾಯಿ ಡ್ರೈವರ್ ಕಡೆ ತೆರೆಯದಂತೆ ನೋಡಿ, ಇಲ್ಲಾಂದರೆ ಹೊಗೆ ಮುಖಕ್ಕೇ.

ಇನ್ನು "ಸೈಲೆನ್ಸರ್ ತೆಗೆದು ಬರೀ ಪೈಪ್ ಹಾಕಿದರೆ ಪವರ್ ಜಾಸ್ತಿ" ಅನ್ನೋ ಮಾತು. ಹುಡುಗರಿಗೆ ಅದು ಪವರ್ ಅಲ್ಲ, ಗತ್ತು. ಹೊಗೆ ಸರಾಗ ಹೋಗೋದಕ್ಕೆ ಪೈಪಿನ ಅಗಲ ಸಾಕಷ್ಟಿರಬೇಕು, ತಿರುವು ಕಡಿಮೆ ಇರಬೇಕು. ಮೇಲೋ ಕೆಳಗೋ ಅನ್ನೋದರಿಂದ ಎಳೆಯೋ ಶಕ್ತಿಯಲ್ಲಿ ಹೊಲದಲ್ಲಿ ಗೊತ್ತಾಗುವಷ್ಟು ಫರಕು ಬೀಳಲ್ಲ.

ಕಾಕಾ ಪೂರ್ತಿ ಒಪ್ಪಲಿಲ್ಲ. "ಶೆಡ್ಡಿನ ಬಾಗಲಾ ಯಾರು ಎತ್ತರ ಮಾಡಾವ್ರು, ನೀ ರೊಕ್ಕಾ ಕೊಡ್ತಿ?" ಅಂದ. ಕೊಡ್ತೀನಿ ಅಂದೆ. ಆಮೇಲೆ ಮೆಕ್ಯಾನಿಕ್‌ಗೆ ಹೇಳೋಕೆ ಕಾಕಾನ ವಾಟ್ಸಾಪಿಗೆ ಇಷ್ಟು ಕಳಿಸಿದೆ: ಮೊದಲು ಮ್ಯಾನಿಫೋಲ್ಡಿನ ಬಾಯಿ ಎತ್ತ ಇದೆ ನೋಡಿ, ಅದಕ್ಕೆ ಹೊಂದುವ ಬೆಂಡು ತರಬೇಕು, ಹಳೇ ಬೆಂಡನ್ನು ಕತ್ತರಿಸಿ ವೆಲ್ಡ್ ಮಾಡಿದರೆ ಬೇಗ ಬಿರುಕು ಬಿಡುತ್ತೆ. ಪ್ಯಾಕಿಂಗ್ ಹೊಸದೇ ಇರಲಿ. ಪೈಪಿನ ತುದಿ ಸೀಟಲ್ಲಿ ಕೂತವರ ತಲೆಗಿಂತ ಮೇಲಿರಲಿ. ಎತ್ತರದ ಪೈಪು ನಡುಗುತ್ತೆ, ನಡುವೆ ಒಂದು ಕ್ಲಾಂಪ್ ಬೇಕು. ಕೈ ತಗುಲುವ ಎತ್ತರಕ್ಕೆ ಜಾಳಿಗೆ ಕವಚ ಹಾಕಿಸಿ, ಹುಡುಗರು ಹತ್ತಿ ಇಳೀತಾರೆ. ಎರಡು ಮೂರು ದಿನ ಓಡಿಸಿದ ಮೇಲೆ ಎಂಜಿನ್ ಪೂರ್ತಿ ತಣ್ಣಗಾದಾಗ ನಟ್ಟುಗಳನ್ನು ಇನ್ನೊಂದು ಸಲ ಬಿಗಿ ಮಾಡಿ.