ಕಿವಿಯ ಬಳಲಿಕೆ ಮತ್ತು ವಿದ್ಯುತ್ ಗಿಟಾರಿನ ನಾದಗುಣ ನಿರ್ಣಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂಥ ಊರುಗಳಲ್ಲಿ ಗಣೇಶೋತ್ಸವ, ರಾಜ್ಯೋತ್ಸವಗಳ ವಾದ್ಯಗೋಷ್ಠಿಗಳಿಂದಾಗಿ ವಿದ್ಯುತ್ ಗಿಟಾರು ಪರಿಚಿತ ವಾದ್ಯವಾಗಿದೆ. ಆರಂಭದಲ್ಲಿ ಹಿತವಾಗಿದ್ದ ಅದರ ದನಿ ರಾತ್ರಿ ಬೆಳೆದಂತೆ ಕರ್ಕಶವಾಗುವುದುಂಟು. ವಾದಕನ ಕೈ ಸೋತಿರುವುದಿಲ್ಲ, ಯಂತ್ರವೂ ಕೆಟ್ಟಿರುವುದಿಲ್ಲ. ಅನೇಕ ವೇಳೆ ಸೋತಿರುವುದು ದನಿಯನ್ನು ಪರೀಕ್ಷಿಸುವ ಕಿವಿಯೇ. ಈ ಸಂಗತಿಯನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಉಕ್ಕಿನ ತಂತಿ ಕಂಪಿಸಿದಾಗ, ಅದರ ಕೆಳಗಿರುವ ಅಯಸ್ಕಾಂತವನ್ನು ಸುತ್ತಿದ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ವರ್ಧಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಅತ್ಯಂತ ಮಂದ್ರವಾದ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಆದರೆ ನಾದಕ್ಕೆ ಬಣ್ಣ ಕೊಡುವುದು ಮೂಲಸ್ವರವೊಂದೇ ಅಲ್ಲ. ಅದರೊಡನೆ ಹುಟ್ಟುವ ಉಪಸ್ವರಗಳು. ದನಿಯ ಸ್ಪಷ್ಟತೆಗೂ ಹರಿತಕ್ಕೂ ಕಾರಣವಾದವು ಬಹುಮಟ್ಟಿಗೆ 2000ದಿಂದ 5000 ಕಂಪನಗಳ ನಡುವೆ ಇರುತ್ತವೆ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಈ ವಲಯದಲ್ಲಿಯೇ. ಗದ್ದಲಕ್ಕೆ ಮೊದಲು ಬಳಲುವುದೂ ಇಲ್ಲಿಯೇ.

ಒಳಗಿವಿಯ ಶಂಖಾಕೃತಿಯ ನಾಳದಲ್ಲಿ ಸುಮಾರು 15,000 ರೋಮಕೋಶಗಳಿವೆ. ದೀರ್ಘಕಾಲದ ಗಟ್ಟಿ ಶಬ್ದದಿಂದ ಇವು ಬಳಲಿದಾಗ, ಮೊದಲು ಕೇಳುತ್ತಿದ್ದ ಮೆಲುದನಿ ಕೇಳಿಸದಾಗುತ್ತದೆ. ಇದು ಶ್ರವಣಮಿತಿಯ ತಾತ್ಕಾಲಿಕ ಏರಿಕೆ. ಗದ್ದಲದ ಬಳಿಕ ಇದು 4000 ಕಂಪನಗಳ ಆಸುಪಾಸಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಚೇತರಿಕೆಗೆ ಕೆಲವು ನಿಮಿಷ ಸಾಕಾಗಬಹುದು. ಒಂದು ದಿನವೂ ಬೇಕಾಗಬಹುದು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಬಳಲಿದ ಕಿವಿಗೆ ಗಿಟಾರು ಮಂಕಾಗಿ ಕೇಳುತ್ತದೆ. ವಾದಕನು ತಾರಧ್ವನಿಯ ಗುಂಡಿಯನ್ನು ತಿರುಗಿಸಿ ಹರಿತವನ್ನು ಹೆಚ್ಚಿಸುತ್ತಾನೆ. ಕಿವಿ ಮತ್ತಷ್ಟು ಬಳಲುತ್ತದೆ, ಗುಂಡಿ ಮತ್ತಷ್ಟು ತಿರುಗುತ್ತದೆ. ಆಗತಾನೆ ಬಂದ ಶ್ರೋತೃವಿಗೆ ಮಾತ್ರ ಆ ದನಿ ಕಿವಿಯನ್ನು ಇರಿಯುತ್ತದೆ. ಪ್ರಮಾಣದ ಭೇದವೂ ನಿರ್ಣಯವನ್ನು ಕೆಡಿಸುತ್ತದೆ: ದನಿ ತಗ್ಗಿದಾಗ ಮಂದ್ರಾಂಶವು ಹೆಚ್ಚು ಕುಗ್ಗಿದಂತೆ ಕೇಳುವುದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದರು. ಆದ್ದರಿಂದ ಎರಡು ಗಿಟಾರುಗಳನ್ನು ಹೋಲಿಸುವಾಗ ಗಟ್ಟಿಯಾಗಿರುವುದೇ ತುಂಬುನಾದವೆಂಬ ಭ್ರಮೆ ಸಹಜ.

ಶ್ರುತಿ ತಪ್ಪಿದರೆ ತಂಬೂರಿ ಅದನ್ನು ತೋರಿಸಿಕೊಡುತ್ತದೆ. ನಾದಗುಣಕ್ಕೆ ಅಂಥ ಸಿದ್ಧ ಆಧಾರವಿಲ್ಲ. ಅದನ್ನು ನಾವೇ ಕಲ್ಪಿಸಿಕೊಳ್ಳಬೇಕು. ಬೆಳಗಿನ ವಿಶ್ರಾಂತ ಕಿವಿಯಿಂದ ಗುಂಡಿಗಳ ಸ್ಥಾನವನ್ನು ನಿರ್ಧರಿಸಿ ಗುರುತು ಹಾಕುವುದು, ಸಮ ಪ್ರಮಾಣದಲ್ಲಿಯೇ ಹೋಲಿಸುವುದು, ನಡುನಡುವೆ ಮೌನಕ್ಕೆ ಅವಕಾಶ ಕೊಡುವುದು ಉಪಯುಕ್ತ ಕ್ರಮಗಳು. ನೆರೆಯ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಂಥ ಗದ್ದಲದಲ್ಲಿ ಹಗಲೆಲ್ಲ ದುಡಿದು ಸಂಜೆ ಅಭ್ಯಾಸಕ್ಕೆ ಕೂಡುವವನ ಕಿವಿ, ಮೊದಲ ಸ್ವರಕ್ಕೆ ಮುನ್ನವೇ ಬಳಲಿರುತ್ತದೆಂಬುದನ್ನೂ ಮರೆಯಬಾರದು.

ಇದು ಕೇವಲ ರುಚಿಯ ಪ್ರಶ್ನೆಯಲ್ಲ. ದಿನಕ್ಕೆ 85 ಡೆಸಿಬೆಲ್ ಶಬ್ದವನ್ನು 8 ಗಂಟೆ ಸಹಿಸಬಹುದೆಂದೂ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಕಾಲ ಅರ್ಧವಾಗುವುದೆಂದೂ ತಜ್ಞರು ಎಣಿಸುತ್ತಾರೆ. ಈ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ದೊರೆಯುವುದು ಸುಮಾರು 15 ನಿಮಿಷ ಮಾತ್ರ. ಮಿತಿಮೀರಿದ ಬಳಲಿಕೆ ಮರುಕಳಿಸುತ್ತಿದ್ದರೆ ರೋಮಕೋಶಗಳು ನಾಶವಾಗುತ್ತವೆ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಕಾರ್ಯಕ್ರಮದ ಬಳಿಕ ಕಿವಿಯಲ್ಲಿ ಕೇಳುವ ಗುಂಯ್‌ಗುಡುವಿಕೆಯನ್ನು ಆದ್ದರಿಂದ ಎಚ್ಚರಿಕೆಯೆಂದೇ ತಿಳಿಯತಕ್ಕದ್ದು.